ರಾಶಿಯ ಒಳಗಿನ ಕಪ್ಪು, ಹೊರಗಿನ ಕಂದು

ಕೊಡಗಿನ ಮಾದಾಪುರದ ಕಡೆ ನಮ್ಮ ದೊಡ್ಡಪ್ಪನ ಕಾಫಿ ತೋಟ. ಬೇಲಿಯಾಚೆ ಒಂದು ರೆಸಾರ್ಟ್ ಇದೆ. ಅವರು ತಮ್ಮ ಕೊಳಚೆ ನೀರಿನ ಘಟಕದಿಂದ ತೆಗೆದ ಗಸಿಯನ್ನು ಗೊಬ್ಬರಕ್ಕೆಂದು ಪುಕ್ಕಟೆಯಾಗಿ ಕೊಟ್ಟಿದ್ದರು. ಮಳೆ ತಾಗದ ಹಾಗೆ ಟಾರ್ಪಾಲು ಮುಚ್ಚಿದ ಆ ರಾಶಿ ಕೆಲವು ತಿಂಗಳಿಂದ ಕಣದ ಪಕ್ಕದಲ್ಲೇ ಇತ್ತು. ರಜೆಗೆ ಊರಿಗೆ ಹೋದಾಗ ದೊಡ್ಡಪ್ಪ ನನ್ನನ್ನು ಅಲ್ಲಿಗೇ ಕರೆದುಕೊಂಡು ಹೋದರು.

"ಮಗಾ, ಇದರಲ್ಲಿ ಸತು ಉಂಟಂತೆ. ಗಿಡಕ್ಕೆ ಒಳ್ಳೆದಲ್ವ? ಎಷ್ಟು ಉಂಟು ನೋಡಿ ಹೇಳು."

ಸತು ಇರುವುದು ನಿಜ. ಸತುವಿನ ಲೇಪವಿರುವ ಜಿಐ ಪೈಪು, ತಲೆಹೊಟ್ಟಿನ ಶಾಂಪೂ, ಮುಲಾಮು, ನಾವು ತಿಂದ ಅನ್ನ, ಎಲ್ಲದರ ಸತುವೂ ಕೊನೆಗೆ ಗಸಿಗೇ ಬಂದು ಸೇರುತ್ತದೆ. ಜೊತೆಗೆ ತಾಮ್ರ, ಸೀಸ, ಒಂದಿಷ್ಟು ಕ್ಯಾಡ್ಮಿಯಂ. ನಗರ ಕಸದ ಕಾಂಪೋಸ್ಟ್‌ಗೆ ನಮ್ಮ ದೇಶದ ನಿಯಮ ಒಂದು ಕೆಜಿಗೆ ಸತು 1000 ಮಿಲಿಗ್ರಾಂ, ತಾಮ್ರ 300, ಸೀಸ 100, ಕ್ಯಾಡ್ಮಿಯಂ 5 ಎಂದು ಮಿತಿ ಹಾಕಿದೆ. ಇವೆಲ್ಲ ಒಟ್ಟು ಪ್ರಮಾಣದ ಲೆಕ್ಕ. ಆ ಲೋಹ ಯಾವ ರೂಪದಲ್ಲಿ ಕೂತಿದೆ ಎನ್ನುವುದಕ್ಕೆ ಅಲ್ಲಿ ಜಾಗವೇ ಇಲ್ಲ. ನನ್ನ ಕೆಲಸವೇ ಅದಾದ್ದರಿಂದ ಈ ಕೊರತೆ ನನ್ನನ್ನು ಬಹಳ ಕಾಡುತ್ತದೆ.

ದೊಡ್ಡಪ್ಪನಿಗೆ ಇದನ್ನು ಹೇಳಲು ನಾನು ಮೈಲುತುತ್ತವನ್ನೇ (ತಾಮ್ರದ ಸಲ್ಫೇಟ್) ಹಿಡಿದೆ. ಶಿಲೀಂಧ್ರ ರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣ ಮಾಡುವಾಗ ಮೈಲುತುತ್ತದ ನೀರಿಗೆ ಸುಣ್ಣದ ನೀರು ಸೇರಿಸುತ್ತೇವೆ. ಸುಣ್ಣವಿಲ್ಲದೆ ಹೊಡೆದರೆ ಎಲೆ ಸುಟ್ಟುಹೋಗುತ್ತದೆ. ತೋಟದವರೆಲ್ಲ ಕತ್ತಿಯ ಅಲಗನ್ನು ದ್ರಾವಣದಲ್ಲಿ ಅದ್ದಿ ನೋಡುತ್ತಾರೆ. ಅಲಗಿಗೆ ಕೆಂಪು ಲೇಪ ಹತ್ತಿದರೆ ತಾಮ್ರ ಇನ್ನೂ ಬಿಡಿಯಾಗಿಯೇ ಇದೆ, ಇನ್ನಷ್ಟು ಸುಣ್ಣ ಬೇಕು. ಸುಣ್ಣ ಹಾಕಿದ್ದರಿಂದ ಡ್ರಮ್ಮಿನ ತಾಮ್ರವೇನೂ ಕಡಿಮೆಯಾಗುವುದಿಲ್ಲ, ಅದರ ರೂಪ ಬದಲಾಗುತ್ತದೆ. "ಅದು ನಂಗೆ ಗೊತ್ತಿಲ್ವ, ಎಷ್ಟು ವರ್ಷ ಹೊಡೆದಿದ್ದೇನೆ" ಎಂದರು ದೊಡ್ಡಪ್ಪ. ಗಸಿಯಲ್ಲಿ ನಾವು ಹುಡುಕುವುದೂ ಅದನ್ನೇ ಎಂದೆ.

ಗುದ್ದಲಿಯಿಂದ ರಾಶಿಯನ್ನು ಸೀಳಿದಾಗ ಹೊರಪದರ ಕಂದು, ಒಂದು ಗೇಣು ಒಳಗೆ ಅಚ್ಚ ಕಪ್ಪು. ಕೊಳೆತ ಮೊಟ್ಟೆಯ ವಾಸನೆ ಮುಖಕ್ಕೆ ಹೊಡೆಯಿತು. ಗಾಳಿಯಿಲ್ಲದ ಕಡೆ ಗಂಧಕ ಸಲ್ಫೈಡ್ ಆಗಿ ಲೋಹಗಳನ್ನು ಹಿಡಿದಿಡುತ್ತದೆ. ಆ ಕಪ್ಪು ಬಣ್ಣ ಹೆಚ್ಚಾಗಿ ಕಬ್ಬಿಣದ ಸಲ್ಫೈಡಿನದು. ಸತು ಸಲ್ಫೈಡ್ ನೀರಿನಲ್ಲಿ ಕರಗುವುದೇ ಇಲ್ಲ ಎನ್ನಬಹುದು. ಗಾಳಿ ತಾಗಿದ ಹೊರಪದರದಲ್ಲಿ ಮಾತ್ರ ಸಲ್ಫೈಡ್ ಒಡೆದು ಸತು ಬೇರೆ ಆಸರೆ ಹುಡುಕಿಕೊಳ್ಳುತ್ತದೆ. ಎರಡೂ ಪದರಗಳಿಂದ ಬೇರೆ ಬೇರೆ ಮಾದರಿ ತೆಗೆದೆ. ಕಪ್ಪು ಮಾದರಿಯ ಬಾಟಲಿಯನ್ನು ಕಂಠಮಟ್ಟ ತುಂಬಿ, ಗಾಳಿಗೆ ಎಡೆಯಿಲ್ಲದಂತೆ ಮುಚ್ಚಿ ಐಸ್ ಪೆಟ್ಟಿಗೆಯಲ್ಲಿಟ್ಟೆ. ಓವನ್ನಿನಲ್ಲಿ ಒಣಗಿಸಿದರೆ ನಾವು ನೋಡಬೇಕಾದ ರೂಪವೇ ಹೊರಟುಹೋಗುತ್ತದೆ.

ಲ್ಯಾಬಿನಲ್ಲಿ, ಲೋಹವನ್ನು ಬೇರೆ ಬೇರೆ ದ್ರಾವಣಗಳಿಂದ ಹಂತಹಂತವಾಗಿ ಕರಗಿಸಿ ತೆಗೆಯುವ ಯುರೋಪಿನವರ ಬಿಸಿಆರ್ ಕ್ರಮವನ್ನೇ ಅನುಸರಿಸಿದೆ. ಮೊದಲು 0.11 ಮೋಲಾರ್ ಅಸಿಟಿಕ್ ಆಮ್ಲದಲ್ಲಿ 16 ಗಂಟೆ ಕುಲುಕಬೇಕು. ಸಡಿಲವಾಗಿ ಅಂಟಿಕೊಂಡದ್ದು, ಕಾರ್ಬೊನೇಟ್ ಜೊತೆಗಿದ್ದದ್ದು ಇದಕ್ಕೇ ಬಿಟ್ಟುಬರುತ್ತದೆ. ಆಮೇಲೆ ಹೈಡ್ರಾಕ್ಸಿಲಮೀನ್, ಕಬ್ಬಿಣ ಮತ್ತು ಮ್ಯಾಂಗನೀಸ್ ಆಕ್ಸೈಡುಗಳು ಹಿಡಿದದ್ದಕ್ಕೆ. ಮೂರನೆಯದು ಬಿಸಿ ಹೈಡ್ರೋಜನ್ ಪೆರಾಕ್ಸೈಡ್, ಸಾವಯವ ಪದಾರ್ಥ ಮತ್ತು ಸಲ್ಫೈಡುಗಳಿಗೆ. ಇಷ್ಟಕ್ಕೂ ಜಗ್ಗದ್ದನ್ನು ಕೊನೆಗೆ ಆಕ್ವಾ ರೀಜಿಯಾ ಎಂಬ ಪ್ರಬಲ ಆಮ್ಲಗಳ ಮಿಶ್ರಣದಲ್ಲಿ ಕುದಿಸುತ್ತೇವೆ.

ಎರಡೂ ಮಾದರಿಗಳಲ್ಲಿ ಒಟ್ಟು ಸತು ಹೆಚ್ಚುಕಡಿಮೆ ಒಂದೇ ಬಂತು, ಮಿತಿಯೊಳಗೇ ಇತ್ತು. ಕಪ್ಪು ಮಾದರಿಯ ಸತು ಬಹುಪಾಲು ಪೆರಾಕ್ಸೈಡಿಗೆ ಕಾದು ಕೂತಿತ್ತು. ಕಂದು ಮಾದರಿಯದು ಮೊದಲೆರಡು ಹಂತಗಳಲ್ಲೇ ಹೊರಬಂತು. ತಾಮ್ರ ಎರಡರಲ್ಲೂ ಮೂರನೇ ಹಂತದವರೆಗೆ ಅಲುಗಲಿಲ್ಲ. ಸಾವಯವ ಪದಾರ್ಥವನ್ನು ಅದು ಅಷ್ಟು ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ.

ಪೆರಾಕ್ಸೈಡಿಗೆ ಬಂದದ್ದೆಲ್ಲ ಸಲ್ಫೈಡೇ ಎಂದು ಈ ವಿಧಾನ ಸಾಬೀತು ಮಾಡುವುದಿಲ್ಲ. ಯಾವ ದ್ರಾವಣಕ್ಕೆ ಎಷ್ಟು ಕರಗಿತು ಎಂದಷ್ಟೇ ಅದು ಹೇಳುತ್ತದೆ. ಸತುವಿನ ಪರಮಾಣುವಿನ ಪಕ್ಕ ಗಂಧಕವಿದೆಯೋ ಆಮ್ಲಜನಕವಿದೆಯೋ ಎಂದು ನೇರವಾಗಿ ನೋಡಬೇಕಾದರೆ ಎಕ್ಸ್-ಕಿರಣ ಹೀರಿಕೆಯ ರೋಹಿತ ಬೇಕು, ಅದಕ್ಕೆ ಇಂದೋರಿನ ಇಂಡಸ್-2ರಂಥ ಸಿಂಕ್ರೊಟ್ರಾನ್, ಅಂದರೆ ಪ್ರಖರ ಎಕ್ಸ್-ಕಿರಣ ಕೊಡುವ ದೊಡ್ಡ ಯಂತ್ರ ಬೇಕು. ಆದರೂ ತೋಟಕ್ಕೆ ಬೇಕಾದ ಉತ್ತರಕ್ಕೆ ನನ್ನ ಬಾಟಲಿಗಳೇ ಸಾಕಾಗಿದ್ದವು. ಗಸಿಯನ್ನು ಮಣ್ಣಿಗೆ ಹರಡಿದ ಮೇಲೆ ಗಾಳಿಯಿಂದ ತಪ್ಪಿಸಿಕೊಳ್ಳುವ ದಾರಿಯಿಲ್ಲ. ಇವತ್ತಿನ ಕಪ್ಪೂ ನಾಳೆ ಕಂದಾಗುತ್ತದೆ. ಕೊಡಗಿನ ಮಳೆ ಸುಣ್ಣದಂಶವನ್ನು ತೊಳೆದು ಹುಳಿಯಾದ ಮಣ್ಣಿನಲ್ಲಿ ಸತು, ಕ್ಯಾಡ್ಮಿಯಂ ಎರಡೂ ಹೆಚ್ಚು ಕರಗುತ್ತವೆ. ಅಲ್ಲಿ ವರ್ಷಾನುಗಟ್ಟಲೆಯ ಬೋರ್ಡೋ ತಾಮ್ರ ಬೇರೆ ಕೂತಿದೆ. ತೋಟದ ತೋಡು ಹರಿಯುವುದು ಹಾರಂಗಿ ನದಿಯ ಕಡೆಗೆ.

ಫೋನಿನಲ್ಲಿ ಇಷ್ಟನ್ನೂ ಕೇಳಿಸಿಕೊಂಡ ದೊಡ್ಡಪ್ಪ, "ಹಾಗಾದರೆ ಮೊದಲು ಮಣ್ಣಿಗೆ ಸುಣ್ಣ" ಎಂದರು. ಮಣ್ಣು ಪರೀಕ್ಷೆ ಮಾಡಿಸಿ, ಪಿಎಚ್ 6ರ ಹತ್ತಿರಕ್ಕೆ ಬಂದ ಮೇಲೆ ಮೇಲಿನ ಸಮತಟ್ಟಿಗೆ ಮಾತ್ರ ತೆಳ್ಳಗೆ ಹಾಕುವುದು. ತೋಡಿನ ಇಳಿಜಾರಿಗೂ ಶುಂಠಿ ಗದ್ದೆಗೂ ಒಂದು ಬುಟ್ಟಿಯೂ ಬೇಡ ಎಂದು ಮಾತಾಯಿತು. ರೆಸಾರ್ಟಿನವರು ಮುಂದಿನ ಲೋಡು ಕಳಿಸುವ ಮೊದಲು ಮಾದರಿ ಕೊಡಬೇಕೆಂದು ದೊಡ್ಡಪ್ಪನೇ ಹೋಗಿ ಹೇಳಿಬಂದಿದ್ದಾರೆ.