ಶಂಕರಪ್ಪನವರ ಹೆಸರಿನೊಳಗೆ ಒಂದು ಸೊನ್ನೆ

ನಾನು ಸಾಫ್ಟ್‌ವೇರ್ ಟೆಸ್ಟರ್. ಈ ಕೆಲಸಕ್ಕೆ ಬಂದು ಹದಿನೆಂಟು ವರ್ಷವಾಯಿತು. ಊರಿಗೆ ಹೋದಾಗ ಯಾರಾದರೂ ಏನು ಕೆಲಸ ಅಂತ ಕೇಳಿದರೆ "ಬೇರೆಯವರು ಮಾಡಿದ ಪ್ರೋಗ್ರಾಮಿನಲ್ಲಿ ತಪ್ಪು ಹುಡುಕೋದು" ಅಂದು ಸುಮ್ಮನಾಗುತ್ತೇನೆ. ಆದರೆ ಆ ಹುಡುಕಾಟ ನಿಜಕ್ಕೂ ಹೇಗಿರುತ್ತದೆ ಅಂತ ಒಂದು ಸಲ ಬಿಡಿಸಿ ಬರೆಯಬೇಕು ಅನ್ನೋ ಆಸೆ ಬಹಳ ದಿನದಿಂದ ಇತ್ತು. ಅದಕ್ಕೆ ಶಂಕರಪ್ಪನವರ ಕತೆಯೇ ಸರಿ. ಅದು ಅವರ ನಿಜವಾದ ಹೆಸರಲ್ಲ. ಆದರೆ ನಿಜವಾದ ಹೆಸರಲ್ಲೂ ಒಂದು ಅನುಸ್ವಾರ ಇದೆ. ಅದಿಲ್ಲದಿದ್ದರೆ ಈ ಕತೆಯೇ ಇಲ್ಲ.

ತುಮಕೂರು ಜಿಲ್ಲೆಯ ಒಂದು ತಾಲೂಕು ಕೇಂದ್ರ. ಅಲ್ಲಿನ ಒಂದು ಪತ್ತಿನ ಸಹಕಾರ ಸಂಘಕ್ಕೆ ನಾವು ಮಾಡಿದ ತಂತ್ರಾಂಶ ಹಾಕಿ ಮೂರು ತಿಂಗಳಾಗಿತ್ತು. ಸದಸ್ಯರ ಹೆಸರು, ವಿಳಾಸ, ಸಾಲ, ಠೇವಣಿ ಎಲ್ಲವೂ ಕನ್ನಡದಲ್ಲಿ. ನಮ್ಮಲ್ಲಿ ಆಟೊಮೇಟೆಡ್ ಟೆಸ್ಟ್‌ಗಳು ನಾನ್ನೂರಕ್ಕೂ ಹೆಚ್ಚು ಇದ್ದವು, ಪ್ರತಿ ರಾತ್ರಿ ಓಡುತ್ತಿದ್ದವು, ಬೆಳಗ್ಗೆ ನೋಡಿದರೆ ಎಲ್ಲವೂ ಹಸಿರು, ಅಂದರೆ ಪಾಸ್. ಆದರೂ ಸಂಘದಿಂದ ವಾರಕ್ಕೆ ಎರಡು ಮೂರು ಸಲ ಫೋನ್ ಬರುತ್ತಿತ್ತು: "ಮೇಡಂ, ಹೆಸರು ಹುಡುಕಿದ್ರೆ ಸಿಗ್ತಿಲ್ಲ." ಆಫೀಸಿನಲ್ಲಿ ಕೂತು ನಾನು ಹುಡುಕಿದರೆ ಸಿಗುತ್ತಿತ್ತು. ಕೊನೆಗೆ ಒಂದು ದಿನ ಬಸ್ ಹತ್ತಿ ಹೋಗಿ, ಗುಮಾಸ್ತೆಯ ಪಕ್ಕದಲ್ಲಿ ಒಂದು ಸ್ಟೂಲ್ ಹಾಕಿಕೊಂಡು ಕೂತೆ.

ಹನ್ನೊಂದು ಗಂಟೆ ಹೊತ್ತಿಗೆ ಶಂಕರಪ್ಪನವರು ಬಂದರು. ಎಪ್ಪತ್ತು ದಾಟಿದ ವಯಸ್ಸು, ಹೆಗಲ ಮೇಲೆ ಟವೆಲ್. ಕೊಬ್ಬರಿ ಮಾರಿದ ದುಡ್ಡು ತಂದಿದ್ದರು, ಸಾಲಕ್ಕೆ ಕಟ್ಟಬೇಕು, ಬಾಕಿ ಎಷ್ಟಿದೆ ಹೇಳಿ ಅಂದರು. ಪಾಸ್‌ಬುಕ್ ಮನೆಯಲ್ಲೇ ಮರೆತಿದ್ದರು, ಸದಸ್ಯರ ಸಂಖ್ಯೆ ನೆನಪಿಲ್ಲ. ಗುಮಾಸ್ತೆ ಹೆಸರು ಟೈಪ್ ಮಾಡಿದರು. ‘ದಾಖಲೆ ಸಿಗಲಿಲ್ಲ’ ಅಂತ ಬಂತು. ಮತ್ತೆ ಮಾಡಿದರು. ಮತ್ತೆ ಅದೇ.

"ಇಲ್ಲ ಅನ್ನುತ್ತಲ್ಲ ಯಜಮಾನ್ರೇ."

"ಇಲ್ಲ ಅಂದ್ರೆ ಹೆಂಗಮ್ಮ? ಮೂವತ್ತು ವರ್ಷದಿಂದ ಮೆಂಬರ್ ಕಣಮ್ಮ ನಾನು."

ಆ ಮಾತು ಹೇಳುವಾಗ ಅವರ ಮುಖ ನೋಡಿದ್ದು ನನಗೆ ಇನ್ನೂ ಮರೆತಿಲ್ಲ. ಕೋಪಕ್ಕಿಂತ ಗಾಬರಿಯೇ ಹೆಚ್ಚಿತ್ತು.

ಗುಮಾಸ್ತೆ ಪೂರ್ತಿ ಪಟ್ಟಿ ತೆರೆದು ‘ಶ’ದಿಂದ ಕೆಳಗೆ ಇಳಿಸುತ್ತಾ ಹೋದರು. ಶಂಕರಪ್ಪ ಇದ್ದರು! ಆದರೆ ಶಂಕರ, ಶಂಭುಲಿಂಗಪ್ಪ ಇವರ ಜೊತೆ ಮೇಲುಗಡೆ ಅಲ್ಲ. ಶ್ರೀನಿವಾಸ, ಶ್ವೇತಾ ಎಲ್ಲಾ ಮುಗಿದ ಮೇಲೆ, ‘ಶ’ಕಾರದ ಕಟ್ಟಕಡೆಯಲ್ಲಿ, ಒಬ್ಬರೇ. ನನಗೆ ಸುಳಿವು ಸಿಕ್ಕಿದ್ದು ಅಲ್ಲೇ. ಹೆಸರು ಸರಿಯಾಗಿ ಕಾಣುತ್ತಿದೆ, ಆದರೆ ತಪ್ಪು ಜಾಗದಲ್ಲಿ ಕೂತಿದೆ ಅಂದರೆ ಕಂಪ್ಯೂಟರ್‌ಗೆ ಅದು ಬೇರೆ ಹೆಸರು.

ಹೆಸರನ್ನು ಕಾಪಿ ಮಾಡಿ, ಒಂದೊಂದು ಅಕ್ಷರದ ಯೂನಿಕೋಡ್ ಸಂಖ್ಯೆ ತೋರಿಸುವ ಪುಟ್ಟ ಪ್ರೋಗ್ರಾಮಿಗೆ ಹಾಕಿದೆ. ಕಂಪ್ಯೂಟರಿನಲ್ಲಿ ಲಿಪಿಗಳ ಒಂದೊಂದು ಚಿಹ್ನೆಗೂ ಒಂದು ಸಂಖ್ಯೆ ಕೊಡುವ ಪದ್ಧತಿಯೇ ಯೂನಿಕೋಡ್. ಒಂದೊಂದು ಸಂಖ್ಯೆಯೂ ಒಂದು ಮನೆ ಇದ್ದಂತೆ. ಯೂನಿಕೋಡ್‌ನಲ್ಲಿ ಕನ್ನಡಕ್ಕೆ 3200ರಿಂದ 3327ರವರೆಗೆ 128 ಮನೆಗಳಿವೆ. ಅನುಸ್ವಾರದ ಮನೆ 3202. ಶಂಕರಪ್ಪನವರ ಹೆಸರಲ್ಲಿ ಎರಡನೆಯ ಜಾಗದಲ್ಲಿ ಇದ್ದದ್ದು 3302. ಸರಿಯಾಗಿ ನೂರು ಮನೆ ಆಚೆ. ಅದು ಅನುಸ್ವಾರವೇ ಅಲ್ಲ, ಕನ್ನಡದ ಅಂಕಿ ಸೊನ್ನೆ. ‘ಶಂಕರಪ್ಪ’ ಮತ್ತು ‘ಶ೦ಕರಪ್ಪ’. ನೀವು ಓದುತ್ತಿರುವ ಪರದೆಯಲ್ಲೂ ಈ ಎರಡರ ನಡುವೆ ವ್ಯತ್ಯಾಸ ಕಾಣುವುದು ಕಷ್ಟ. ಮೊದಲನೆಯದರಲ್ಲಿ ಇರುವುದು ಅನುಸ್ವಾರ, ಎರಡನೆಯದರಲ್ಲಿ ಸೊನ್ನೆ.

ಸೊನ್ನೆ ಬಂದದ್ದು ಹೇಗೆ ಅಂತ ಗುಮಾಸ್ತೆಯ ಬೆರಳು ನೋಡಿದಾಗ ಗೊತ್ತಾಯಿತು. ಅವರು ಬಳಸುತ್ತಿದ್ದದ್ದು ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆ ವಿನ್ಯಾಸ, ‘ನುಡಿ’ ಅನ್ನುವ ಕನ್ನಡ ಟೈಪಿಂಗ್ ತಂತ್ರಾಂಶದಲ್ಲಿ ಇರುವಂಥದ್ದು. ಅದರಲ್ಲಿ ಅನುಸ್ವಾರಕ್ಕೆ ಶಿಫ್ಟ್ ಹಿಡಿದು ಎಂ ಒತ್ತಬೇಕು. ಸೊನ್ನೆಗೆ ಒಂದೇ ಬೆರಳು ಸಾಕು. ಹಳೇ ಲೆಡ್ಜರ್‌ನಿಂದ ಸಾವಿರಾರು ಹೆಸರು ಏರಿಸುವಾಗ, ಪರದೆ ಮೇಲೆ ಎರಡೂ ಒಂದೇ ಥರ ಕಾಣುವಾಗ, ಯಾರಾದರೂ ಅದನ್ನೇ ಮಾಡುತ್ತಾರೆ. ಆಗ ಏರಿಸಿದ್ದು ಬೇರೆ ಇಬ್ಬರು ಹುಡುಗರು, ಈಗ ಹುಡುಕುತ್ತಿರುವುದು ಇವರು. ಒಬ್ಬರ ಅನುಸ್ವಾರ ಇನ್ನೊಬ್ಬರದ್ದಕ್ಕೆ ಹೊಂದುತ್ತಿರಲಿಲ್ಲ. ಅಂತರ್ಜಾಲದಲ್ಲಿ ‘ಬೆ೦ಗಳೂರು’ ಅಂತ ಹೀಗೆ ಸೊನ್ನೆ ಹಾಕಿ ಬರೆದದ್ದು ಧಾರಾಳವಾಗಿ ಸಿಗುತ್ತದೆ.

ನಮ್ಮ ನಾನ್ನೂರು ಟೆಸ್ಟ್‌ಗಳು ಇದನ್ನು ಯಾಕೆ ಹಿಡಿಯಲಿಲ್ಲ? ಅವೆಲ್ಲ ‘ಟೆಸ್ಟ್ ಯೂಸರ್ 1’, ‘ಟೆಸ್ಟ್ ಯೂಸರ್ 2’ ಅಂತ ಇಂಗ್ಲಿಷ್ ಅಕ್ಷರದಲ್ಲೇ ಹೆಸರು ಹಾಕಿ ಹುಡುಕುತ್ತಿದ್ದವು. ಕನ್ನಡದ್ದು ಅಂತ ಇದ್ದದ್ದು ‘ರಮ’ ಮತ್ತು ‘ಕಮಲ’. ಒತ್ತಿಲ್ಲ, ಅನುಸ್ವಾರವಿಲ್ಲ, ಅರ್ಕಾವತ್ತಿಲ್ಲ. ಆ ಟೆಸ್ಟ್‌ಗಳನ್ನು ಬರೆದವಳು ನಾನೇ. ಹಸಿರು ದೀಪ ಹೇಳುತ್ತಿದ್ದದ್ದು ಇಷ್ಟೇ: ರಮ, ಕಮಲ ಅನ್ನುವವರಿಗೆ ಈ ತಂತ್ರಾಂಶ ಕೆಲಸ ಮಾಡುತ್ತದೆ.

ಬೆಂಗಳೂರಿಗೆ ಬಂದು ಇದನ್ನು ಬಗ್, ಅಂದರೆ ತಂತ್ರಾಂಶದ ತಪ್ಪು, ಅಂತ ದಾಖಲಿಸಿದೆ. ಮರುದಿನ ಪ್ರೋಗ್ರಾಮ್ ಬರೆದ ಡೆವಲಪರ್ ಅದನ್ನು ಮುಚ್ಚಿದ್ದ. ಕಾರಣ: ಡೇಟಾ ತಪ್ಪು, ಪ್ರೋಗ್ರಾಮ್ ತಪ್ಪಲ್ಲ. ಹುಡುಗ ಒಳ್ಳೆಯವನು, ಕೆಲಸ ಚೆನ್ನಾಗಿ ಬಲ್ಲವನು. ಅವನ ಮಾತು ಅಕ್ಷರಶಃ ನಿಜ ಕೂಡ. ಸೊನ್ನೆ ಒತ್ತಿದರೆ ಸೊನ್ನೆ ಉಳಿಯಿತು, ಅಷ್ಟೆ. ಆದರೆ ನಾನು ಒಪ್ಪಲಿಲ್ಲ, ಇವತ್ತಿಗೂ ಒಪ್ಪುವುದಿಲ್ಲ. ಕಣ್ಣಿಗೆ ಕಾಣದ ತಪ್ಪನ್ನು ಮಾಡಲು ಬಿಟ್ಟು, ಆಮೇಲೆ ಮಾಡಿದವರ ಮೇಲೆ ಹಾಕುವುದು ನ್ಯಾಯವಲ್ಲ. ಬಗ್ ಮತ್ತೆ ತೆರೆದೆ. ಈ ಸಲ ‘ನಿರೀಕ್ಷೆ’, ‘ಆದದ್ದು’ ಅನ್ನುವ ಖಾನೆಗಳ ಕೆಳಗೆ ಇನ್ನೊಂದು ಸಾಲು ಸೇರಿಸಿದೆ: ‘ಸಾಲ ಕಟ್ಟಲು ಬಂದ ಸದಸ್ಯರಿಗೆ ನೀವು ಸದಸ್ಯರೇ ಅಲ್ಲ ಅಂತ ಹೇಳಲಾಯಿತು.’ ಅವನು ಅದನ್ನು ಓದಿ ನನ್ನ ಮೇಜಿನ ಹತ್ತಿರ ಬಂದ. "ಅಕ್ಕಾ, ಬನ್ನಿ, ಕೂತು ನೋಡೋಣ" ಅಂದ.

ಅವನ ಮೊದಲ ಸಲಹೆ ನಾರ್ಮಲೈಸೇಶನ್, ಅಂದರೆ ಬೇರೆ ಬೇರೆ ಥರ ಬರೆದ ಒಂದೇ ಅಕ್ಷರವನ್ನು ಒಂದೇ ರೂಪಕ್ಕೆ ತರುವುದು. ಅದು ಬೇಕಾದದ್ದೇ. ‘ಗೋಪಾಲ’ದ ಓಕಾರವನ್ನು 3275 ಅನ್ನುವ ಒಂದೇ ಮನೆಯಿಂದಲೂ ಬರೆಯಬಹುದು, 3270, 3266, 3285 ಅಂತ ಮೂರು ತುಂಡು ಜೋಡಿಸಿಯೂ ಬರೆಯಬಹುದು. ಎರಡೂ ಒಂದೇ ಅಂತ ಯೂನಿಕೋಡ್ ಒಪ್ಪುತ್ತದೆ, ನಾರ್ಮಲೈಸ್ ಮಾಡಿದರೆ ಒಂದೇ ಆಗುತ್ತವೆ. ಆದರೆ ಸೊನ್ನೆ ಮತ್ತು ಅನುಸ್ವಾರ ಒಂದೇ ಅಂತ ಅದು ಎಂದೂ ಒಪ್ಪುವುದಿಲ್ಲ, ಒಪ್ಪಲೂ ಬಾರದು. ಹಾಗಾಗಿ ಉಳಿಸುವಾಗ ನಾವೇ ತಿದ್ದುವ ನಿಯಮ ಬೇಕಾಯಿತು: ಕನ್ನಡ ಅಕ್ಷರದ ಬೆನ್ನಿಗೇ ಸೊನ್ನೆ ಬಂದರೆ ಅನುಸ್ವಾರ ಮಾಡು. ಸೊನ್ನೆಯ ಆಚೀಚೆ ಇನ್ನೊಂದು ಅಂಕಿ ಇದ್ದರೆ ಮುಟ್ಟಬೇಡ, ಅದು ನಿಜವಾದ ಸಂಖ್ಯೆ. ‘೧೦೦’ ಹಾಗೇ ಉಳಿಯಬೇಕು, ‘ವಾರ್ಡ್೦೩’ ಹಾಗೇ ಉಳಿಯಬೇಕು.

ಅದೇ ಪಟ್ಟಿಯಲ್ಲಿ ಇನ್ನೊಂದು ಕಂಡಿತು. ‘ಮೂತಿ೯’, ‘ಆಚಾಯ೯’. ಅರ್ಕಾವತ್ತಿನ ಜಾಗದಲ್ಲಿ ಅಂಕಿ ಒಂಬತ್ತು. ಸೊನ್ನೆಯದ್ದು ಸೋಮಾರಿತನ ಅಂತ ಯಾರಾದರೂ ಅಂದರೂ, ಇದಕ್ಕೆ ಹಾಗೆ ಹೇಳುವಂತಿಲ್ಲ. ಇದರ ಹಿಂದೆ ಇರುವುದು ನನಗೆ ಅರ್ಥವಾದದ್ದು ಅಪ್ಪನಿಂದ.

ಅಪ್ಪ ತಾಲೂಕು ಕಚೇರಿಯಲ್ಲಿ ಕನ್ನಡ ಬೆರಳಚ್ಚುಗಾರರಾಗಿದ್ದವರು. ಭಾನುವಾರ ಊರಿಗೆ ಹೋದಾಗ ನನ್ನ ಲ್ಯಾಪ್‌ಟಾಪ್ ಕೊಟ್ಟು ‘ಸೂರ್ಯ’ ಅಂತ ಹೊಡೆಯಿರಿ ಅಂದೆ. ‘ಸೂ’ ಹೊಡೆದರು, ‘ಯ’ ಹೊಡೆದರು, ಆಮೇಲೆ ಅರ್ಕಾವತ್ತಿಗಾಗಿ ಬೆರಳು ಗಾಳಿಯಲ್ಲಿ ಸುತ್ತಾಡಿತು. ಮೊದಲು ರ ಒತ್ತಬೇಕು, ಆಮೇಲೆ ಅದನ್ನು ರ್ ಮಾಡುವ ಎಫ್, ಆಮೇಲೆ ಯ ಅಂತ ಹೇಳಿಕೊಟ್ಟೆ. ಅವರಿಗೆ ಸರಿಯೆನಿಸಲಿಲ್ಲ.

"ಅಕ್ಷರ ಬರೆದ ಮೇಲೆ ತಾನೇ ಕಣಮ್ಮ ಅರ್ಕಾವತ್ತು? ಮೆಷಿನ್‌ನಲ್ಲೂ ಹಾಗೇ ಹೊಡೀತಿದ್ದದ್ದು. ನೀನು ಬರೆಯೋವಾಗ ಮೊದಲೇ ಹಾಕ್ತೀಯಾ?"

ಇಲ್ಲ. ನಾನೂ ಕೈಯಲ್ಲಿ ಬರೆಯುವಾಗ ಆಮೇಲೇ ಹಾಕುತ್ತೇನೆ. ನಾಲಿಗೆ ರ್ ಅನ್ನು ಮೊದಲು ಹೇಳುತ್ತದೆ, ಕೈ ಅದನ್ನು ಆಮೇಲೆ ಬರೆಯುತ್ತದೆ. ಕಂಪ್ಯೂಟರ್ ನಾಲಿಗೆಯ ಕ್ರಮ ಹಿಡಿದುಕೊಂಡಿದೆ. ಕೈಯ ಕ್ರಮ ರೂಢಿಯಾದವರು ಕೀಲಿಮಣೆಯಲ್ಲಿ ಆ ಆಕಾರ ಎಲ್ಲಿದೆ ಅಂತ ಹುಡುಕಿದರೆ ಸಿಗುವುದು ಒಂಬತ್ತು. ಟೆಸ್ಟಿಂಗ್ ಬಗ್ಗೆ ನಾನು ಕೂತ ಯಾವ ತರಬೇತಿಯಲ್ಲೂ ಇದು ಬಂದಿರಲಿಲ್ಲ. ನಮ್ಮ ಹಜಾರದಲ್ಲಿ ಕಾಫಿ ಲೋಟ ಪಕ್ಕಕ್ಕಿಟ್ಟು ಅಪ್ಪ ಹೇಳಿದರು.

ಒಂಬತ್ತನ್ನು ತಿದ್ದುವುದು ಸೊನ್ನೆಗಿಂತ ಬಹಳ ಕಷ್ಟ. ಸೊನ್ನೆಯನ್ನು ಇದ್ದಲ್ಲೇ ಬದಲಿಸಿದರೆ ಆಯಿತು. ಒಂಬತ್ತನ್ನು ತೆಗೆದು, ರ್ ಮಾಡಿ, ಹಿಂದಿನ ಅಕ್ಷರ ದಾಟಿಸಿ ಅದರ ಮುಂದೆ ಕೂರಿಸಬೇಕು. ‘ಮೂತಿ೯’ ಹೋಗಿ ‘ಮೂರ್ತಿ’ ಆಯಿತು, ‘ಕನಾ೯ಟಕ’ ಹೋಗಿ ‘ಕರ್ನಾಟಕ’ ಆಯಿತು. ಹುಡುಗ ಖುಷಿಯಾಗಿ ತೋರಿಸಿದ. ನಾನು ‘ಸಾಮಥ್ಯ೯’ ಕೊಟ್ಟೆ. ‘ಸಾಮಥ್ರ್ಯ’ ಅಂತ ಬಂತು. ಅವನ ನಿಯಮ ಒಂದು ವ್ಯಂಜನ ಮಾತ್ರ ದಾಟುತ್ತಿತ್ತು, ಒತ್ತಕ್ಷರ ಪೂರ್ತಿ ದಾಟುತ್ತಿರಲಿಲ್ಲ. ಸರಿಮಾಡಿದ. ಆಮೇಲೆ ‘ಮನೆ೯’ ಕೊಟ್ಟೆ. ಜನ ವಿಳಾಸದಲ್ಲಿ ಜಾಗ ಬಿಡದೆ ಹಾಗೆ ಬರೆಯುತ್ತಾರೆ. ಅದು ‘ಮರ್ನೆ’ ಆಗಿಬಿಟ್ಟಿತು! ಹಾಗಾಗಿ ಹೆಸರಿನ ಖಾನೆಯಲ್ಲಿ ಮಾತ್ರ ತಿದ್ದುವುದು, ವಿಳಾಸದಲ್ಲಿ ತಿದ್ದದೆ ಕೆಂಪು ಗೆರೆ ಹಾಕಿ ಕೇಳುವುದು ಅಂತ ತೀರ್ಮಾನವಾಯಿತು.

ಅಲ್ಲಿಂದ ನನ್ನ ಹತ್ತಿರ ಒಂದು ನೋಟ್‌ಬುಕ್ ಇದೆ. ಹೆಸರುಗಳ ನೋಟ್‌ಬುಕ್. ಪ್ರತಿ ರಿಲೀಸ್‌ಗೂ ಮುಂಚೆ ಅದರಲ್ಲಿರುವ ಹೆಸರೆಲ್ಲ ಒಳಗೆ ಹೋಗಿ, ಉಳಿದು, ಹುಡುಕಿದರೆ ಸಿಕ್ಕು, ಮುದ್ರಣವಾಗಿ ಹೊರಬರಬೇಕು. ಅದರ ಮೊದಲ ಪುಟದಲ್ಲಿರುವುದು ‘ಲಕ್ಷ್ಮೀನರಸಿಂಹಮೂರ್ತಿ’. ಬಾಯಲ್ಲಿ ಎಣಿಸಿದರೆ ಎಂಟು ಅಕ್ಷರ. ಯೂನಿಕೋಡ್‌ನಲ್ಲಿ 19 ಮನೆ. ಕಂಪ್ಯೂಟರ್ ಅಕ್ಷರಗಳನ್ನು ಉಳಿಸುವ ಯುಟಿಎಫ್-8 ಅನ್ನುವ ರೂಪದಲ್ಲಿ ಕನ್ನಡದ ಒಂದೊಂದು ಮನೆಗೂ 3 ಬೈಟ್ ಬೇಕು, ಅಂದರೆ 57 ಬೈಟ್. ಪಾಸ್‌ಬುಕ್ ಮುದ್ರಿಸುವ ಭಾಗದಲ್ಲಿ ಯಾರೋ ಹೆಸರಿಗೆ 50 ಬೈಟ್ ಇಟ್ಟಿದ್ದರು. ಇಂಗ್ಲಿಷ್‌ನಲ್ಲಿ ಐವತ್ತು ಅಕ್ಷರ ಹಿಡಿಯುವ ಜಾಗ, ಧಾರಾಳವಾಯಿತು ಅಂದುಕೊಂಡಿರಬೇಕು. ಪಾಸ್‌ಬುಕ್‌ನಲ್ಲಿ ‘ಲಕ್ಷ್ಮೀನರಸಿಂಹಮೂರ’ ಅಂತ ಬಂದು, ಅದರ ಪಕ್ಕ ಒಂದು ಖಾಲಿ ಚೌಕ. ಹದಿನಾರು ಮನೆಗೆ 48 ಬೈಟ್ ಖರ್ಚಾಗಿ, ಹದಿನೇಳನೆಯದು ನಡುವೆ ತುಂಡಾಗಿತ್ತು. ಮನುಷ್ಯನ ಹೆಸರನ್ನು ಹಾಗೆ ಕತ್ತರಿಸಿ ಮುದ್ರಿಸಿ ಕೈಗೆ ಕೊಡುವುದು ನನಗೆ ಸಣ್ಣ ಬಗ್ ಅನಿಸುವುದಿಲ್ಲ.

ಎಸ್ಸೆಮ್ಮೆಸ್ಸಿನಲ್ಲೂ ಇದೇ ಪಾಡು. ಇಂಗ್ಲಿಷ್‌ನಲ್ಲಿ ಒಂದು ಸಂದೇಶಕ್ಕೆ 160 ಅಕ್ಷರ, ಕನ್ನಡಕ್ಕೆ 70 ಮನೆ. ಅದನ್ನು ಮೀರಿದರೆ 67ರಂತೆ ತುಂಡಾಗಿ ಹೋಗುತ್ತದೆ, ತುಂಡಿಗೊಂದು ದರ. ನಮ್ಮ ‘ಕಂತು ಜಮೆಯಾಗಿದೆ’ ಸಂದೇಶ 142 ಇತ್ತು. ಮೂರು ತುಂಡು. ಎಂಟು ಮನೆ ಇಳಿಸಿದರೆ ಎರಡಾಗುತ್ತದೆ ಅಂತ ತೋರಿಸಿದೆ, ‘ಮಾನ್ಯ ಸದಸ್ಯರೇ’ ಅನ್ನುವುದನ್ನು ತೆಗೆಯೋಣ ಅಂದರು. ಅದು ಬೇಡ, ಕೊನೆಯ ಸಾಲಿನ ಜಾಹೀರಾತು ತೆಗೆಯಿರಿ ಅಂತ ಹಟ ಹಿಡಿದೆ. ತೆಗೆದರು.

ಇದೆಲ್ಲ ಸಣ್ಣ ಊರಿನ ಸಣ್ಣ ತಂತ್ರಾಂಶದ ತಾಪತ್ರಯ ಅಂತ ಯಾರೂ ಅಂದುಕೊಳ್ಳಬೇಡಿ. 2018ರ ಫೆಬ್ರವರಿಯಲ್ಲಿ ತೆಲುಗಿನ ‘ಜ್ಞಾ’ ರೂಪದ ಒಂದು ಅಕ್ಷರ ಸಂದೇಶದಲ್ಲಿ ಬಂದರೆ ಸಾಕು, ಐಫೋನಿನ ಆ್ಯಪ್‌ಗಳು ಮುಚ್ಚಿಹೋಗುತ್ತಿದ್ದವು. ಆಪಲ್ ಐಒಎಸ್ 11.2.6 ಬಿಡುಗಡೆ ಮಾಡಿ ಸರಿಪಡಿಸಬೇಕಾಯಿತು. ಅದನ್ನು ಓದಿದ ದಿನ ನಾನು ‘ಜ್ಞಾನೇಶ್ವರ’, ‘ಪ್ರಜ್ಞಾ’, ‘ಯಜ್ಞನಾರಾಯಣ’ ಮೂರನ್ನೂ ನೋಟ್‌ಬುಕ್‌ಗೆ ಸೇರಿಸಿದೆ.

ಪಟ್ಟಿ ಜೋಡಿಸುವ ಕ್ರಮದ್ದು ಇನ್ನೂ ಬಾಕಿ ಇದೆ. ಯೂನಿಕೋಡ್‌ನಲ್ಲಿ ಳ ಇರುವುದು ಲ ಪಕ್ಕದ ಮನೆಯಲ್ಲಿ. ನಮ್ಮ ವರ್ಣಮಾಲೆಯಲ್ಲಿ ಅದು ಹ ಆದಮೇಲೆ, ಕೊನೆಗೆ. ಮನೆ ಸಂಖ್ಯೆ ನೋಡಿ ಜೋಡಿಸಿದರೆ ಬಳ್ಳಾರಿ ಮೊದಲು, ಬಸವಕಲ್ಯಾಣ ಆಮೇಲೆ. ಶಾಲೆಯಲ್ಲಿ ಕಲಿತವರಿಗೆ ಅದು ತಿರುವುಮುರುವು. ಈ ಬಗ್ ತೆರೆದು ಒಂದು ವರ್ಷವಾಯಿತು, ಪ್ರತಿ ರಿಲೀಸ್‌ನಲ್ಲೂ ಮುಂದಕ್ಕೆ ಹೋಗುತ್ತದೆ, ಪ್ರತಿ ಸಲವೂ ನಾನು ಕೇಳುತ್ತೇನೆ.

ಹೋದ ತಿಂಗಳು ಅಪ್ಪ ತಮ್ಮ ಕೈಬರಹದಲ್ಲಿ ಇಪ್ಪತ್ತಮೂರು ಹೆಸರು ಬರೆದು ಕಳಿಸಿದ್ದರು. ಕಚೇರಿಯಲ್ಲಿ ಪಹಣಿ ಹೊಡೆಯುವಾಗ ಕಷ್ಟ ಕೊಟ್ಟ ಹೆಸರುಗಳಂತೆ. ಒಂದೊಂದನ್ನೂ ಎರಡು ಥರ ಹೊಡೆಯುತ್ತೇನೆ: ಒಮ್ಮೆ ನಾಲಿಗೆಯ ಕ್ರಮದಲ್ಲಿ, ಒಮ್ಮೆ ಅಪ್ಪನ ಬೆರಳಿನ ಕ್ರಮದಲ್ಲಿ. ಹನ್ನೊಂದು ಹೆಸರು ಸಲೀಸಾಗಿ ದಾಟಿದವು. ಹನ್ನೆರಡನೆಯದು ದುರ್ಗಾಂಬ. ಅಪ್ಪನ ಕ್ರಮದಲ್ಲಿ ಹೊಡೆದೆ: ದು, ಗಾ, ಅರ್ಕಾವತ್ತಿಗೆ ಒಂಬತ್ತು, ಅದರ ಬೆನ್ನಿಗೇ ಅನುಸ್ವಾರಕ್ಕೆ ಸೊನ್ನೆ, ಕೊನೆಗೆ ಬ. ಉಳಿಸಿದೆ. ಹುಡುಕಿದೆ. ‘ದಾಖಲೆ ಸಿಗಲಿಲ್ಲ.’

ಪರದೆಯಲ್ಲಿ ‘ದುಗಾ೯೦ಬ’ ಅಂತ ಹಾಗೇ ಕೂತಿತ್ತು. ಒಂಬತ್ತರ ಪಕ್ಕ ಸೊನ್ನೆ, ಸೊನ್ನೆಯ ಪಕ್ಕ ಒಂಬತ್ತು. ಆಚೀಚೆ ಅಂಕಿ ಇದ್ದರೆ ಮುಟ್ಟಬೇಡ ಅಂತ ನಾವೇ ಬರೆದ ನಿಯಮ, ದುರ್ಗಾಂಬನ ಹೆಸರಿನೊಳಗೆ ತೊಂಬತ್ತು ಅನ್ನುವ ಸಂಖ್ಯೆ ನೋಡಿ ಹಿಂದೆ ಸರಿದಿತ್ತು. ಹುಡುಗನ ಮೇಜಿಗೆ ಹೋಗಿ ತೋರಿಸಿದೆ. ಅವನು ಒಂದು ನಿಮಿಷ ಅದನ್ನೇ ನೋಡಿ, ಕುರ್ಚಿ ಎಳೆದು ನನಗೆ ಕೂರಲು ಜಾಗ ಮಾಡಿದ.