ಮೋಡನ ತೂಕ 34 ಗ್ರಾಂ

ಬೆಳಿಗ್ಗೆ ಪಂಜರದ ಮೇಲಿನ ಬಟ್ಟೆ ತೆಗೆದ ತಕ್ಷಣ ನಾನು ಕಾಳು ಹಾಕುವುದಿಲ್ಲ. ಐದು ನಿಮಿಷ ಕಾಯುತ್ತೇನೆ. ನನ್ನ ಹಕ್ಕಿ ಮೋಡ ಮೊದಲು ಒಂದು ರೆಕ್ಕೆ, ಅದೇ ಕಡೆಯ ಕಾಲು ಚಾಚಿ ಮೈ ಮುರಿಯುತ್ತಾನೆ. ಆಮೇಲೆ ಇನ್ನೊಂದು ಕಡೆ. ರಾತ್ರಿಯೆಲ್ಲ ತಡೆದುಕೊಂಡಿದ್ದ ದೊಡ್ಡ ಹಿಕ್ಕೆ ಹಾಕುತ್ತಾನೆ. ಅದಾದ ಮೇಲೆ ತಕ್ಕಡಿ. ಅಡುಗೆಮನೆಯಲ್ಲಿ ಹಿಟ್ಟು ತೂಗುವಂಥ ಡಿಜಿಟಲ್ ತಕ್ಕಡಿ, ಒಂದು ಗ್ರಾಂ ವ್ಯತ್ಯಾಸವಾದರೂ ತೋರಿಸುತ್ತದೆ. ಅದರ ಮೇಲೆ ಪುಟ್ಟ ಮರದ ಸ್ಟ್ಯಾಂಡ್ ಇಟ್ಟು ಸೊನ್ನೆ ಮಾಡಿಕೊಂಡಿರುತ್ತೇನೆ. ನವಣೆ ತೆನೆಯ ತುಂಡು ತೋರಿಸಿದರೆ ಸಾಕು, ಹಾರಿ ಬಂದು ಕೂರುತ್ತಾನೆ. ಎರಡು ಸೆಕೆಂಡು. 34. ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಆಮೇಲೆ ಬಟ್ಟಲು ಇಡುತ್ತೇನೆ.

ಮೋಡ ಬೂದು ಬಣ್ಣದ ಬಡ್ಜಿ, ಅಂದರೆ ಪುಟ್ಟ ಜಾತಿಯ ಗಿಳಿ. ಎಷ್ಟೋ ಜನ ಲವ್ ಬರ್ಡ್ಸ್ ಅನ್ನುವುದು ಇವನ್ನೇ. ನಿಜವಾದ ಲವ್ ಬರ್ಡ್ ಆಫ್ರಿಕಾದ್ದು, ಅದಕ್ಕೆ ಮೊಂಡು ಬಾಲ. ಬಡ್ಜಿ ಆಸ್ಟ್ರೇಲಿಯಾದ ಒಣ ಬಯಲಿನ ಹಕ್ಕಿ, ಬಾಲ ಉದ್ದ.

ಈ ತೂಕದ ಅಭ್ಯಾಸ ಶುರುವಾಗಿದ್ದು ಚಿಂಟು ಸತ್ತ ಮೇಲೆ.

ಚಿಂಟು ನನ್ನ ಮೊದಲ ಹಕ್ಕಿ. ನೀಲಿ ಮೈ, ಬಿಳಿ ಮುಖ. ಬಟ್ಟಲಲ್ಲಿ ಕಾಳಿದೆ, ಕುಡಿಯಲು ನೀರಿದೆ, ಅಷ್ಟು ನೋಡಿದರೆ ನನ್ನ ಕೆಲಸ ಮುಗಿಯಿತು ಅಂದುಕೊಂಡಿದ್ದ ಕಾಲ ಅದು. ಬಡ್ಜಿ ಕಾಳನ್ನು ಇಡಿಯಾಗಿ ನುಂಗುವುದಿಲ್ಲ. ಕೊಕ್ಕಿನಲ್ಲೇ ಸುಲಿದು, ಒಳಗಿನದನ್ನು ತಿಂದು, ಸಿಪ್ಪೆಯನ್ನು ಅಲ್ಲೇ ಉದುರಿಸುತ್ತದೆ. ಆ ಸಿಪ್ಪೆಯೆಲ್ಲ ಬಟ್ಟಲಿನಲ್ಲೇ ಉಳಿಯುತ್ತದೆ. ನಿಂತು ನೋಡಿದರೆ ಬಟ್ಟಲು ಭರ್ತಿ. ಆ ವಾರ ನನಗೆ ಕೆಲಸ ಜಾಸ್ತಿ ಇತ್ತು. ಮೂರು ದಿನ ನೀರು ಮಾತ್ರ ಬದಲಿಸಿದೆ. ಕಾಳು ಇದೆಯಲ್ಲ ಅಂತ ಸುಮ್ನೆ ಬಿಟ್ಟೆ.

ನಾಲ್ಕನೇ ದಿನ ಬೆಳಿಗ್ಗೆ ಅವನು ಪಂಜರದ ತಳದಲ್ಲಿ ಕೂತಿದ್ದ. ಗರಿಯೆಲ್ಲ ಉಬ್ಬಿ ಚೆಂಡಿನ ಹಾಗೆ ಆಗಿದ್ದ. ಕಣ್ಣು ಅರ್ಧ ಮುಚ್ಚಿತ್ತು. ಡಾಕ್ಟರ್ ಅವನನ್ನು ಅಂಗೈಯಲ್ಲಿ ಹಿಡಿದು, ನನ್ನ ಬೆರಳನ್ನು ಅವನ ಎದೆಯ ಮೇಲೆ ಇಡಿಸಿದರು. ಚಾಕುವಿನ ಅಂಚು ಸಿಕ್ಕಂತಾಯಿತು. ಅದು ಎದೆಮೂಳೆ. ಅದರ ಎರಡೂ ಬದಿಗೆ ದುಂಡಗೆ ಮಾಂಸ ತುಂಬಿರಬೇಕು. ಅವನಿಗೆ ಏನೂ ಉಳಿದಿರಲಿಲ್ಲ. ತೂಕ 24 ಗ್ರಾಂ. ಏನು ತಿನ್ನುತ್ತಿದ್ದ ಅಂತ ಕೇಳಿದರು. ಬಟ್ಟಲು ತುಂಬಾ ಕಾಳಿದೆ ಅಂದೆ. ಮನೆಗೆ ಹೋಗಿ ಬಟ್ಟಲನ್ನು ಒಮ್ಮೆ ಊದಿ ನೋಡಿ ಅಂದರು. ಊದಿದೆ. ಸಿಪ್ಪೆ ಎಲ್ಲ ಹಾರಿತು. ಬಟ್ಟಲಿನ ತಳ ಕಾಣಿಸಿತು. ಐದಾರು ಕಾಳು ಉಳಿದಿತ್ತು ಅಷ್ಟೆ.

ಆ ಮೂರು ದಿನವೂ ಅವನು ಬಟ್ಟಲಿನ ಅಂಚಿನಲ್ಲಿ ಕೂತು ಕೊಕ್ಕಾಡಿಸುತ್ತಿದ್ದ. ತಿನ್ನುತ್ತಿದ್ದಾನೆ ಅಂತ ನಾನು ನೆಮ್ಮದಿಯಾಗಿದ್ದೆ. ಅವನು ಹುಡುಕುತ್ತಿದ್ದ. ಅವತ್ತು ರಾತ್ರಿ ಚಿಂಟು ಹೋದ.

ಈಗ ಯಾರಾದರೂ ಹೊಸದಾಗಿ ಬಡ್ಜಿ ತಂದೆ ಅಂದರೆ ನಾನು ಮೊದಲು ಹೇಳುವುದು ಇದನ್ನೇ: ದಿನಾ ಬಟ್ಟಲನ್ನು ಊದಿ, ತಳ ನೋಡಿ.

ಹಕ್ಕಿ ತನ್ನ ಕಾಯಿಲೆಯನ್ನು ಮುಚ್ಚಿಡುತ್ತದೆ. ಹಿಂಡಿನಲ್ಲಿ ಬದುಕುವ ಜೀವ, ಸೊರಗಿದ್ದು ಕಂಡರೆ ಗಿಡುಗ ಮೊದಲು ಎರಗುವುದು ಅದರ ಮೇಲೆಯೇ. ಮನೆಯೊಳಗೆ ಗಿಡುಗ ಇಲ್ಲ ಅಂತ ಅದಕ್ಕೆ ಹೇಗೆ ಗೊತ್ತಾಗಬೇಕು? ಕೂಗುತ್ತದೆ, ಆಡುತ್ತದೆ, ತಿಂದಂತೆ ತೋರಿಸುತ್ತದೆ. ಮೈ ಎಷ್ಟು ಇಳಿದರೂ ಗರಿ ಅದನ್ನು ಮುಚ್ಚಿಬಿಡುತ್ತದೆ. ತಳದಲ್ಲಿ ಗರಿ ಉಬ್ಬಿಸಿ ಕೂತಿದೆ ಅಂದರೆ ಅದಕ್ಕೆ ಇನ್ನು ನಟಿಸಲು ಶಕ್ತಿ ಇಲ್ಲ ಅಂತ ಅರ್ಥ. ತಕ್ಕಡಿಗೆ ಮಾತ್ರ ಮುಚ್ಚಿಡಲು ಆಗುವುದಿಲ್ಲ. ತೂಕದಲ್ಲಿ ಹತ್ತನೇ ಒಂದು ಪಾಲು ಇಳಿದರೆ ನಾನು ಮರುದಿನಕ್ಕೆ ಕಾಯುವುದಿಲ್ಲ, ಡಾಕ್ಟರ್ ಹತ್ತಿರ ಹೋಗುತ್ತೇನೆ. ಮೋಡನ ಲೆಕ್ಕದಲ್ಲಿ ಅದು ಸುಮಾರು ಮೂರೂವರೆ ಗ್ರಾಂ. ಕಣ್ಣಿಗೆ ಯಾವತ್ತೂ ಕಾಣದಷ್ಟು.

ತಕ್ಕಡಿ ಬಿಟ್ಟರೆ ನಾನು ನಂಬುವುದು ಹಿಕ್ಕೆಯನ್ನು. ಪಂಜರದ ತಳಕ್ಕೆ ಬಿಳಿ ಕಾಗದ ಹಾಸುತ್ತೇನೆ, ದಿನಾ ಬದಲಿಸುತ್ತೇನೆ. ಹಕ್ಕಿಯ ಹಿಕ್ಕೆಯಲ್ಲಿ ಮೂರು ಭಾಗ ಇರುತ್ತದೆ. ಹಸಿರು ಅಥವಾ ಕಂದು ಬಣ್ಣದ್ದು ಮಲ. ಅದರ ಮೇಲಿನ ಬಿಳಿ ಸುಣ್ಣದಂಥದ್ದು, ಸುತ್ತ ಹರಡಿದ ತಿಳಿ ನೀರು, ಇವೆರಡೂ ಮೂತ್ರ. ಸೊಪ್ಪು ಜಾಸ್ತಿ ತಿಂದ ದಿನ ನೀರು ಹೆಚ್ಚುತ್ತದೆ, ಅದಕ್ಕೆ ಗಾಬರಿ ಬೇಡ. ಬಿಳಿ ಭಾಗ ಹಳದಿಗೋ ಎದ್ದು ಕಾಣುವ ಹಸಿರಿಗೋ ತಿರುಗಿದರೆ ಲಿವರ್ ಬಗ್ಗೆ ಯೋಚಿಸಬೇಕು. ಹಿಕ್ಕೆಯ ಎಣಿಕೆ ಇದ್ದಕ್ಕಿದ್ದಂತೆ ಕಡಿಮೆಯಾದರೆ ಹೊಟ್ಟೆಗೆ ಏನೂ ಹೋಗುತ್ತಿಲ್ಲ. ಚಿಂಟುವಿನ ಕಾಗದ ನಾನು ನೋಡಿದ್ದರೆ ಎರಡನೇ ದಿನವೇ ಗೊತ್ತಾಗುತ್ತಿತ್ತು.

ಪುಟ್ಟಿ ಬಂದಿದ್ದು ಮೋಡ ಬಂದು ಒಂದು ವರ್ಷದ ನಂತರ. ಹಸಿರು ಹೆಣ್ಣು, ಕೊಕ್ಕಿನ ಮೇಲಿನ ಮೂಗು ಕಂದು ಬಣ್ಣ. ದೊಡ್ಡ ಗಂಡು ಬಡ್ಜಿಗೆ ಅದು ಸಾಮಾನ್ಯವಾಗಿ ನೀಲಿ. ಮೊದಲ 40 ದಿನ ಅವಳನ್ನು ಬೇರೆ ಕೋಣೆಯಲ್ಲಿ, ಬೇರೆ ಬಟ್ಟಲು ಕೊಟ್ಟು ಇಟ್ಟಿದ್ದೆ. ಹೊರಗೆ ಚೆನ್ನಾಗಿ ಕಾಣುವ ಹಕ್ಕಿಯೂ ಕಾಯಿಲೆ ಹೊತ್ತು ತರಬಹುದು. ಗಿಳಿ ಜ್ವರದಂಥದ್ದು ಮನುಷ್ಯರಿಗೂ ಅಂಟುತ್ತದೆ. ಇಬ್ಬರೂ ಗೋಡೆಯ ಆಚೀಚೆ ಕೂತು ದಿನವಿಡೀ ಕೂಗಿಕೊಳ್ಳುತ್ತಿದ್ದರು. ಕೇಳುವಾಗ ಕರುಳು ಚುರುಕ್ ಅನ್ನುತ್ತಿತ್ತು. ಆದರೂ ಬಿಡಲಿಲ್ಲ.

ಪುಟ್ಟಿಯ ತೂಕ 37. ಒಂದು ವಾರದಲ್ಲಿ ಅದು 38, 39, 41 ಆಯಿತು. ಇಳಿಯುವುದಕ್ಕೆ ಮಾತ್ರ ಹೆದರಿದ್ದ ನಾನು, ಏರಿದ್ದು ನೋಡಿ ಖುಷಿಪಟ್ಟೆ. ಮರುದಿನ ಅವಳು ಒಂದು ಮೊಟ್ಟೆ ಇಟ್ಟಳು. ಗೂಡಿಲ್ಲ, ಏನಿಲ್ಲ, ಪಂಜರದ ಮೂಲೆಯಲ್ಲಿ. ಒಂದು ದಿನ ಬಿಟ್ಟು ಇನ್ನೊಂದು. ಮೂರನೆಯದು ಬರಲಿಲ್ಲ.

ಆ ಬೆಳಿಗ್ಗೆ ಅವಳು ತಳದಲ್ಲಿ ಕಾಲು ಅಗಲಿಸಿ ನಿಂತಿದ್ದಳು. ಉಸಿರು ಬಿಟ್ಟಾಗಲೆಲ್ಲ ಬಾಲ ಮೇಲೆ ಕೆಳಗೆ ಆಡುತ್ತಿತ್ತು. ಸುಮ್ಮನೆ ಕೂತ ಹಕ್ಕಿಯ ಬಾಲ ಹಾಗೆ ಬಡಿದುಕೊಂಡರೆ ಅದಕ್ಕೆ ಉಸಿರಾಟ ಕಷ್ಟವಾಗಿದೆ ಅಂತ ಅಷ್ಟರಲ್ಲಿ ಕಲಿತಿದ್ದೆ. ಹೊಟ್ಟೆ ಮುಟ್ಟಲು ಹೋಗಲಿಲ್ಲ. ಒಳಗೆ ಸಿಕ್ಕಿಕೊಂಡ ಮೊಟ್ಟೆ ಒತ್ತಿದರೆ ಅಲ್ಲೇ ಒಡೆಯಬಹುದು, ಆಗ ಹಕ್ಕಿ ಉಳಿಯುವುದು ಕಷ್ಟ. ಚಿಕ್ಕ ಪೆಟ್ಟಿಗೆಯಲ್ಲಿ ಟವೆಲ್ ಹಾಸಿ, ಬಟ್ಟೆ ಸುತ್ತಿದ ಬಿಸಿನೀರಿನ ಬಾಟಲಿಯನ್ನು ಒಂದೇ ಬದಿಗೆ ಇಟ್ಟೆ. ಬಿಸಿ ಜಾಸ್ತಿ ಅನ್ನಿಸಿದರೆ ಅವಳು ಸರಿಯಲು ಜಾಗ ಬೇಕಲ್ವಾ. ಒಳಗೆ 30 ಡಿಗ್ರಿ ಸುಮಾರು ಇತ್ತು. ಹಾಗೇ ಹೊರಟೆ. ಡಾಕ್ಟರ್ ಕ್ಯಾಲ್ಸಿಯಂ ಇಂಜೆಕ್ಷನ್ ಕೊಟ್ಟರು, ಬೆಚ್ಚಗಿನ ತೇವದ ಗಾಳಿಯಲ್ಲಿ ಇಟ್ಟರು. ಸಂಜೆ ಮೊಟ್ಟೆ ಹೊರಗೆ ಬಂತು. ಚಿಪ್ಪು ತೀರಾ ತೆಳು, ಮುಟ್ಟಿದರೆ ತಗ್ಗು ಬೀಳುತ್ತಿತ್ತು.

ಚಿಪ್ಪಿಗೆ ಬೇಕಾದ ಕ್ಯಾಲ್ಸಿಯಂ ಅವಳ ಮೈಯಲ್ಲಿ ಇರಲಿಲ್ಲ. ಒಣ ಕಾಳಿನಲ್ಲಿ ಅದು ತುಂಬಾ ಕಡಿಮೆ, ಎ ವಿಟಮಿನ್ ಕೂಡ ಅಷ್ಟೆ. ಇನ್ನೊಂದು ತಪ್ಪು ಬಿಸಿಲಿನದು. ಪಂಜರ ಕಿಟಕಿ ಪಕ್ಕ ಇದೆ, ಬಿಸಿಲು ಬೀಳುತ್ತದೆ ಅಂತ ನಾನು ನಂಬಿದ್ದೆ. ಕ್ಯಾಲ್ಸಿಯಂ ಮೈಗೆ ಹತ್ತಲು ಡಿ ವಿಟಮಿನ್ ಬೇಕು. ಅದನ್ನು ಮೈಯಲ್ಲೇ ತಯಾರಿಸಲು ಬೇಕಾದ ಕಿರಣವನ್ನು ಕಿಟಕಿಯ ಗಾಜು ಒಳಗೆ ಬಿಡುವುದಿಲ್ಲ. ಬೆಳಕು ಬರುತ್ತದೆ, ಬೇಕಾದ ಅಂಶ ಹೊರಗೇ ಉಳಿಯುತ್ತದೆ. ಈಗ ಗಾಜು ತೆರೆದು, ಜಾಲರಿಯ ಈಚೆ, ಅರ್ಧ ಪಂಜರಕ್ಕೆ ನೆರಳಿರುವಂತೆ ಇಡುತ್ತೇನೆ. ಕ್ಯಾಲ್ಸಿಯಂಗಾಗಿ ಕೊಕ್ಕಿನಿಂದ ಕೆರೆದು ತಿನ್ನಲು ಕಟಲ್ ಬೋನ್ (ಕಟಲ್ ಫಿಶ್‌ನ ಒಳಚಿಪ್ಪು) ಸದಾ ನೇತಾಡುತ್ತಿರುತ್ತದೆ. ಮತ್ತೆ ಮೊಟ್ಟೆಯ ಆಸೆ ಹುಟ್ಟದಿರಲಿ ಅಂತ ಸಂಜೆ ಬೇಗ ಬಟ್ಟೆ ಮುಚ್ಚುತ್ತೇನೆ, ದಿನದ ಬೆಳಕು ಉದ್ದವಾದಷ್ಟೂ ಅದಕ್ಕೆ ಪ್ರಚೋದನೆ. ಗೂಡಿನಂತೆ ಕಾಣುವ ಕತ್ತಲೆ ಮೂಲೆಗಳನ್ನು ತೆಗೆದುಬಿಟ್ಟೆ.

ಬರೀ ಕಾಳಿನಿಂದ ಪೆಲೆಟ್‌ಗೆ (ಹಕ್ಕಿಗಳಿಗೆಂದೇ ತಯಾರಿಸಿದ ಗುಳಿಗೆಯಂಥ ಆಹಾರ), ಸೊಪ್ಪಿಗೆ, ತುರಿದ ಕ್ಯಾರೆಟ್‌ಗೆ ಇಬ್ಬರನ್ನೂ ತರಲು ಎರಡು ತಿಂಗಳು ಹಿಡಿಯಿತು. ಹಸಿದರೆ ತಾನೇ ತಿನ್ನುತ್ತದೆ ಅಂತ ಕಾಳು ನಿಲ್ಲಿಸುವ ಧೈರ್ಯ ದಯವಿಟ್ಟು ಮಾಡಬೇಡಿ. ಇಷ್ಟು ಚಿಕ್ಕ ಮೈಯಲ್ಲಿ ಎರಡು ದಿನ ತಳ್ಳುವಷ್ಟು ಸಂಗ್ರಹ ಇರುವುದಿಲ್ಲ. ಮೋಡ ಕ್ಯಾರೆಟ್ಟನ್ನು ಮೂರು ವಾರ ದೂರದಿಂದ ನೋಡಿದ, ಆಮೇಲೆ ಪುಟ್ಟಿ ತಿಂದಿದ್ದು ಕಂಡು ತಿಂದ. ಬೆಣ್ಣೆಹಣ್ಣು, ಚಾಕೊಲೇಟ್, ಕಾಫಿ, ಈರುಳ್ಳಿ ಇವುಗಳ ಚೂರೂ ಬೇಡ. ಉಪ್ಪಿನ ತಿಂಡಿಯೂ ಬೇಡ.

ನಾನ್‌ಸ್ಟಿಕ್ ಬಾಣಲೆ ಈಗ ಮನೆಯಲ್ಲಿ ಇಲ್ಲ. ಬರಿ ಬಾಣಲೆ ಒಲೆಯ ಮೇಲೆ ಮರೆತು ಹೋಗಿ ಅತಿಯಾಗಿ ಕಾದರೆ, ಆ ಲೇಪದಿಂದ ಏಳುವ ಹೊಗೆ ಬೇರೆ ಕೋಣೆಯ ಹಕ್ಕಿಯನ್ನೂ ನಿಮಿಷಗಳಲ್ಲಿ ಕೊಲ್ಲಬಹುದು. ನಮಗೆ ವಾಸನೆಯೂ ತಿಳಿಯದೆ ಇರಬಹುದು. ಹಕ್ಕಿಯ ಶ್ವಾಸಕೋಶದ ಜೊತೆಗೆ ಮೈ ತುಂಬಾ ಗಾಳಿಚೀಲಗಳಿವೆ. ಶ್ವಾಸಕೋಶದಲ್ಲಿ ಗಾಳಿ ಒಂದೇ ದಿಕ್ಕಿಗೆ ಹರಿಯುತ್ತದೆ. ಹಾರಲು ಬೇಕಾದಷ್ಟು ಆಮ್ಲಜನಕ ಎಳೆದುಕೊಳ್ಳುವ ಆ ಏರ್ಪಾಡೇ ವಿಷವನ್ನೂ ಅಷ್ಟೇ ಚೆನ್ನಾಗಿ ಎಳೆದುಕೊಳ್ಳುತ್ತದೆ. ಊದುಬತ್ತಿ, ಸ್ಪ್ರೇ, ಸಿಗರೇಟು ಯಾವುದನ್ನೂ ಅವರ ಹತ್ತಿರ ಬಿಡುವುದಿಲ್ಲ.

ಇವತ್ತು ಮೋಡ 33. ನಿನ್ನೆ 34 ಇದ್ದ. ಎರಡು ವಾರದಿಂದ ಗರಿ ಉದುರುತ್ತಿದೆ, ಕಾಗದದ ಮೇಲೆ ಬೂದು ಗರಿಗಳು. ತಲೆಯ ಮೇಲೆ ಹೊಸ ಗರಿಗಳು ಬಿಳಿ ಮುಳ್ಳಿನ ಹಾಗೆ ಎದ್ದಿವೆ, ಪ್ರತಿಯೊಂದಕ್ಕೂ ತೆಳು ಕವಚ. ಹೊಸ ಗರಿ ಕಟ್ಟಲು ಪ್ರೋಟೀನ್ ಬೇಕು ಅಂತ ಬೇಯಿಸಿದ ಮೊಟ್ಟೆಯ ಚೂರು ಕೊಟ್ಟೆ, ತಿಂದ. ಹಿಕ್ಕೆ ಸರಿ ಇದೆ. ಬಟ್ಟಲು ಊದಿ ನೋಡಿದೆ, ಕಾಳಿದೆ. ಆ ಕವಚವನ್ನು ಬಿಡಿಸಲು ಅವನ ಕೊಕ್ಕು ಅವನ ತಲೆಗೆ ಎಟುಕುವುದಿಲ್ಲ. ಈಗ ಪುಟ್ಟಿಯ ಮುಂದೆ ತಲೆ ಬಗ್ಗಿಸಿ, ಕಣ್ಣು ಮುಚ್ಚಿ ಕೂತಿದ್ದಾನೆ. ಅವಳು ಒಂದೊಂದೇ ಮುಳ್ಳನ್ನು ಕೊಕ್ಕಿನಲ್ಲಿ ಹಿಡಿದು ಮೆಲ್ಲಗೆ ಬಿಡಿಸುತ್ತಿದ್ದಾಳೆ.