ದುಬ್ರೊವ್ನಿಕ್ ಬಂದರಿನಲ್ಲಿ

ಆಡ್ರಿಯಾಟಿಕ್ ಕರಾವಳಿಯುದ್ದಕ್ಕೂ ಸಾಗುತ್ತಿರುವ ನಮ್ಮ ಐಷಾರಾಮಿ ಹಡಗು ಇಂದು ಬೆಳಿಗ್ಗೆ ಕ್ರೊಯೇಷಿಯಾದ ದುಬ್ರೊವ್ನಿಕ್ ತಲುಪಿತು. ಗ್ರೂಜ್ ಬಂದರಿನಿಂದ ಬಸ್ಸಿನಲ್ಲಿ ಹಳೆಯ ಪಟ್ಟಣಕ್ಕೆ ಬಂದು ಪೀಲೆ ಬಾಗಿಲನ್ನು ದಾಟಿದರೆ, ಜನರ ಹೆಜ್ಜೆಗಳಿಗೆ ಸವೆದು ಕನ್ನಡಿಯಂತೆ ಹೊಳೆಯುವ ಸುಣ್ಣಕಲ್ಲಿನ ಹಾಸು ಮುಖ್ಯ ಬೀದಿಯುದ್ದಕ್ಕೂ ಕಾಣುತ್ತದೆ; 15ನೆಯ ಶತಮಾನದ ಒನೋಫ್ರಿಯೊ ಕಾರಂಜಿಯಲ್ಲಿ ಪ್ರವಾಸಿಗರು ಇಂದಿಗೂ ಬಾಟಲಿಗೆ ನೀರು ತುಂಬಿಕೊಳ್ಳುತ್ತಾರೆ.

ನನ್ನನ್ನು ಹೆಚ್ಚು ಹೊತ್ತು ಹಿಡಿದು ನಿಲ್ಲಿಸಿದ್ದು ಮಾತ್ರ ಪೂರ್ವದ ಪ್ಲೋಚೆ ಬಾಗಿಲಿನ ಆಚೆ, 17ನೆಯ ಶತಮಾನದಲ್ಲಿ ಪೂರ್ಣಗೊಂಡ ಲಾಜರೆಟ್ ಎಂಬ ಕಲ್ಲುಕಟ್ಟಡಗಳ ಸಾಲು. ಹೊರಗಿನಿಂದ ಬಂದವರನ್ನು ರೋಗಭಯದಿಂದ ಇಲ್ಲಿ ಪ್ರತ್ಯೇಕವಾಗಿ ಇರಿಸುತ್ತಿದ್ದರು. ಆದರೆ ಕಾನೂನು ಇನ್ನೂ ಹಳೆಯದು: ಪ್ಲೇಗ್ ಪೀಡಿತ ಊರುಗಳಿಂದ ಬಂದವರು ಒಂದು ತಿಂಗಳು ಹೊರಗೇ ಉಳಿಯಬೇಕೆಂದು ಈ ನಗರ 1377ರಲ್ಲೇ ವಿಧಿಸಿತ್ತು. ಕಡಲ ವ್ಯಾಪಾರವನ್ನೇ ನಂಬಿ ಬದುಕಿದ್ದ ಪುಟ್ಟ ಗಣರಾಜ್ಯವೊಂದು ಬಂದವರನ್ನು ಹಿಂದಕ್ಕಟ್ಟದೆ, ಹಾಗೆಂದು ಕಣ್ಣುಮುಚ್ಚಿ ಒಳಗೂ ಬಿಟ್ಟುಕೊಳ್ಳದೆ, ಕಾಯುವಂತೆ ಮಾಡಿತು ಎಂಬುದು ನನಗೆ ದೊಡ್ಡ ವಿವೇಕವಾಗಿ ತೋರುತ್ತದೆ.

ಪ್ರವಾಸಿ ಹಡಗುಗಳ ಸಂಖ್ಯೆಗೆ ಈಗಿನ ನಗರಾಡಳಿತ ಮಿತಿ ಹಾಕಿರುವುದನ್ನೂ, ಅಂಥದೇ ಹಡಗಿನಿಂದ ಇಳಿದು ಬಂದಿದ್ದರೂ, ನಾನು ಮನಸಾರೆ ಒಪ್ಪುತ್ತೇನೆ. ಕೋಟೆಯೊಳಗೆ ಇನ್ನೂ ಸಂಸಾರ ಹೂಡಿಕೊಂಡಿರುವವರಿಗೆ ತಮ್ಮ ಬೀದಿಯಲ್ಲಿ ನಡೆದಾಡಲು ಜಾಗ ಬೇಕು.